ಕೊನೆಯ ಐದಡಿಗೆ ಏನು ತಲುಪುತ್ತದೆ?

ಬೆಂಗಳೂರಿನ ಯಾವ ಮೆಡಿಕಲ್ ಶಾಪಿಗೆ ಹೋಗಿ 'ಗ್ಯಾಸ್ಟ್ರಿಕ್' ಎಂದರೂ ಕೌಂಟರಿನ ಆಚೆ ಇರುವವರಿಗೆ ಅರ್ಥವಾಗುತ್ತದೆ. ಎದೆಯುರಿ, ಹೊಟ್ಟೆಯುಬ್ಬರ, ಹುಳಿತೇಗು, ಮಲಬದ್ಧತೆ, ಕೆಲವೊಮ್ಮೆ ಎದೆನೋವಿಗೂ ಇಲ್ಲಿ ಅದೊಂದೇ ಹೆಸರು. ಕೈಗೆ ಬರುವುದು ಸಾಮಾನ್ಯವಾಗಿ ಮೂರು ಬಗೆ: ಆಮ್ಲ ತಗ್ಗಿಸುವ ಮಾತ್ರೆ, ಭೇದಿಯೂ ಇದೆ ಎಂದರೆ ಒಂದು ಆಂಟಿಬಯಾಟಿಕ್, ಜೊತೆಗೆ 'ಒಳ್ಳೆಯ ಬ್ಯಾಕ್ಟೀರಿಯಾ' ತುಂಬಿದ ಪುಡಿಯ ಪೊಟ್ಟಣ. ಮೊದಲನೆಯದು ಕರುಳಿನ ಹೆಬ್ಬಾಗಿಲನ್ನು ತೆರೆದಿಡುತ್ತದೆ, ಎರಡನೆಯದು ಒಳಗಿನ ಊರನ್ನೇ ಖಾಲಿ ಮಾಡಿಸುತ್ತದೆ, ಮೂರನೆಯದು ಖಾಲಿಯಾದ ಊರಿಗೆ ನಾಲ್ಕು ದಿನದ ನೆಂಟರನ್ನು ಕಳಿಸುತ್ತದೆ. ಮೂರನ್ನೂ ಒಟ್ಟಿಗೇ ನುಂಗುವವರು ಕಡಿಮೆಯೇನಿಲ್ಲ.

ಕರುಳಿನ ಬ್ಯಾಕ್ಟೀರಿಯಾ ಬಗ್ಗೆ ಈಗ ಎಲ್ಲರೂ ಮಾತಾಡುತ್ತಾರೆ. ತೂಕ, ಸಕ್ಕರೆ ಕಾಯಿಲೆ, ಖಿನ್ನತೆ, ಕ್ಯಾನ್ಸರ್, ಚರ್ಮದ ಹೊಳಪು, ಹೀಗೆ ಅವುಗಳ ತಲೆಗೆ ಕಟ್ಟದ ವಿಷಯವೇ ಉಳಿದಿಲ್ಲ. ಇದರಲ್ಲಿ ಗಟ್ಟಿ ಎಷ್ಟು, ಜೊಳ್ಳು ಎಷ್ಟು ಎಂದು ಕೇರಲು ಒಂದು ಪ್ರಶ್ನೆ ಹಿಡಿದುಕೊಂಡರೆ ಸಾಕಷ್ಟು ದೂರ ಹೋಗಬಹುದು: ನುಂಗಿದ್ದರಲ್ಲಿ ದೊಡ್ಡ ಕರುಳಿಗೆ ತಲುಪುವುದು ಏನು, ಅಲ್ಲಿ ಅದರಿಂದ ಏನು ತಯಾರಾಗುತ್ತದೆ?

ಊರು ಇರುವ ಜಾಗ

ಬ್ಯಾಕ್ಟೀರಿಯಾ ಹೊಟ್ಟೆಯ ತುಂಬ ಸಮನಾಗಿ ಹರಡಿಕೊಂಡಿಲ್ಲ. ಜಠರದ ಆಮ್ಲದಲ್ಲಿ ಒಂದು ಮಿಲಿಲೀಟರಿಗೆ ನೂರೋ ಸಾವಿರವೋ ಇದ್ದರೆ ಹೆಚ್ಚು. ಸಣ್ಣ ಕರುಳು ಸುಮಾರು ಆರು ಮೀಟರ್ ಉದ್ದವಿದ್ದರೂ ಊಟ ಅದನ್ನು ಕೆಲವೇ ಗಂಟೆಗಳಲ್ಲಿ ದಾಟಿಬಿಡುತ್ತದೆ; ಅಲ್ಲಿ ನೆಲೆಯೂರಲು ಪುರುಸೊತ್ತಿಲ್ಲ. ಕೊನೆಯ ಒಂದೂವರೆ ಮೀಟರ್, ಅಂದರೆ ಐದಡಿ ದೊಡ್ಡ ಕರುಳಿನಲ್ಲಿ ಉಳಿದದ್ದು ಒಂದು ದಿನ, ಕೆಲವರಲ್ಲಿ ಎರಡು ಮೂರು ದಿನ ತಂಗುತ್ತದೆ. ಗಾಳಿಯಿಲ್ಲ, ಬೆಚ್ಚಗಿದೆ, ಅವಸರವಿಲ್ಲ. ಹಾಗಾಗಿ ಅಲ್ಲಿ ಒಂದು ಮಿಲಿಲೀಟರಿಗೆ 10,000 ಕೋಟಿಯಷ್ಟು ಬ್ಯಾಕ್ಟೀರಿಯಾ.

'ನಮ್ಮ ಜೀವಕೋಶಗಳಿಗಿಂತ ಹತ್ತು ಪಟ್ಟು ಬ್ಯಾಕ್ಟೀರಿಯಾ ನಮ್ಮೊಳಗಿವೆ' ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು ಹಳೆಯ ಅಂದಾಜು. ರಾನ್ ಸೆಂಡರ್, ಶಾಯ್ ಫುಕ್ಸ್, ರಾನ್ ಮಿಲೊ 2016ರಲ್ಲಿ ಲೆಕ್ಕವನ್ನು ಮೊದಲಿಂದ ಹಾಕಿದಾಗ ಸಿಕ್ಕಿದ್ದು ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ, ಮನುಷ್ಯನ ಜೀವಕೋಶ ಸುಮಾರು 30 ಲಕ್ಷ ಕೋಟಿ. ಹೆಚ್ಚೂಕಡಿಮೆ ಸಮ. ಒಟ್ಟು ತೂಕ ಸುಮಾರು 200 ಗ್ರಾಂ, ಒಂದು ಲೋಟ ಮಜ್ಜಿಗೆಯಷ್ಟು.

ಇಷ್ಟು ಸಣ್ಣ ತೂಕಕ್ಕೆ ಇಷ್ಟೊಂದು ಬೆಲೆ ಬರುವುದು ಅವು ತಯಾರಿಸುವ ವಸ್ತುಗಳಿಂದ. ನಮ್ಮ ಜೀರ್ಣರಸಗಳಿಗೆ ಬಗ್ಗದ ನಾರು, ಕೆಲವು ಬಗೆಯ ಪಿಷ್ಟ, ಕಾಳಿನ ಸಕ್ಕರೆಗಳು ಕೆಳಗೆ ಇಳಿದಾಗ ಬ್ಯಾಕ್ಟೀರಿಯಾ ಅವನ್ನು ಹುದುಗಿಸಿ ಮೂರು ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ: ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್. ಮೂರನೆಯದು ಮುಖ್ಯ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳು ತಮ್ಮ ಇಂಧನದ ಸುಮಾರು ಶೇ 70ರಷ್ಟನ್ನು ಇದರಿಂದಲೇ ಪಡೆಯುತ್ತವೆ. ರಕ್ತ ತಂದುಕೊಡುವ ಸಕ್ಕರೆಗಿಂತ ಅವಕ್ಕೆ ಇದೇ ರುಚಿ.

ಇಲ್ಲೊಂದು ಸೊಗಸಾದ ಲೆಕ್ಕಾಚಾರವಿದೆ. ಬ್ಯುಟಿರೇಟ್ ಸುಡಲು ಜೀವಕೋಶಕ್ಕೆ ಆಮ್ಲಜನಕ ಬೇಕು. ರಕ್ತದಿಂದ ಬಂದ ಆಮ್ಲಜನಕ ಹೀಗೆ ಅಲ್ಲೇ ಖರ್ಚಾಗುವುದರಿಂದ ಕರುಳಿನ ಒಳಕ್ಕೆ ಸೋರುವುದಿಲ್ಲ. ಗಾಳಿ ಸೋಕಿದರೆ ಸಾಯುವ ಬ್ಯುಟಿರೇಟ್ ತಯಾರಕರು ಬದುಕಿಕೊಳ್ಳುತ್ತಾರೆ. ನಾರು ಬರುವುದು ನಿಂತರೆ, ಅಥವಾ ಆಂಟಿಬಯಾಟಿಕ್ ಆ ತಯಾರಕರನ್ನು ಕೊಂದರೆ, ಜೀವಕೋಶಗಳು ಸಕ್ಕರೆಗೆ ಹೊರಳುತ್ತವೆ, ಆಮ್ಲಜನಕ ಮೊದಲಿನಷ್ಟು ಖರ್ಚಾಗದೆ ಒಳಗೆ ಸೋರುತ್ತದೆ, ಗಾಳಿಯಿದ್ದರೂ ಇಲ್ಲದಿದ್ದರೂ ಬೆಳೆಯಬಲ್ಲ ಇ. ಕೊಲೈ, ಸಾಲ್ಮೊನೆಲ್ಲಾ ಬಳಗಕ್ಕೆ ಹಬ್ಬ. ಒಮ್ಮೆ ಈ ಸುಳಿ ಶುರುವಾದರೆ ಹಾಳು ತಾನೇ ತಾನಾಗಿ ಮುಂದುವರಿಯುತ್ತದೆ. ಇಲಿಗಳಲ್ಲಿ ಇದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸಿದ್ದಾರೆ.

ನಾರಿಲ್ಲದ ಕರುಳಿನಲ್ಲಿ ಬ್ಯಾಕ್ಟೀರಿಯಾ ಉಪವಾಸವೇನೂ ಕೂರುವುದಿಲ್ಲ. ಕರುಳಿನ ಗೋಡೆಗೆ ಬಳಿದಿರುವ ಲೋಳೆಯಲ್ಲೂ ಸಕ್ಕರೆಯಿದೆ. ಅದನ್ನೇ ಮೇಯಲು ತೊಡಗುತ್ತವೆ. 2016ರಲ್ಲಿ ಇಲಿಗಳಿಗೆ ನಾರಿಲ್ಲದ ಮೇವು ಹಾಕಿದಾಗ ಈ ಲೋಳೆ ತೆಳ್ಳಗಾಗಿ, ರೋಗಾಣು ಸುಲಭವಾಗಿ ಗೋಡೆ ಮುಟ್ಟಿತು. ಜೀರ್ಣವಾಗದೆ ಇಳಿದ ಪ್ರೋಟೀನನ್ನೂ ಅವು ಬಿಡುವುದಿಲ್ಲ. ಆದರೆ ಅದರಿಂದ ಬರುವುದು ಅಮೋನಿಯಾ, ಹೈಡ್ರೋಜನ್ ಸಲ್ಫೈಡ್, ಕ್ರೆಸಾಲ್. ಆರೋಗ್ಯವಂತರ ಮೂತ್ರಪಿಂಡ ಇಂಥದ್ದನ್ನು ಸೋಸಿ ಹೊರಹಾಕುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತದಲ್ಲಿ ಅದೇ ವಿಷವಾಗಿ ಕೂಡಿಕೊಳ್ಳುತ್ತದೆ. 'ಒಳ್ಳೆಯ', 'ಕೆಟ್ಟ' ಎಂದು ಬ್ಯಾಕ್ಟೀರಿಯಾಗಳಿಗೆ ಹಣೆಪಟ್ಟಿ ಹಚ್ಚುವುದು ಈ ಕಾರಣಕ್ಕೇ ಅಷ್ಟು ಸರಿಯಲ್ಲ. ಒಂದೇ ಜೀವಿ ಕೈಗೆ ನಾರು ಸಿಕ್ಕರೆ ಒಂದು ಕೆಲಸ, ಸಿಗದಿದ್ದರೆ ಇನ್ನೊಂದು ಕೆಲಸ ಮಾಡುತ್ತದೆ.

ತಟ್ಟೆಯ ಲೆಕ್ಕ

ದಿನಕ್ಕೆ ದೊಡ್ಡವರಿಗೆ ಸುಮಾರು 30 ಗ್ರಾಂ ನಾರು ಬೇಕು. ನಗರದ ಸಾಮಾನ್ಯ ತಟ್ಟೆಯಲ್ಲಿ ಎಷ್ಟು ಬರುತ್ತದೆ? ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂಗಿಂತ ಕಡಿಮೆ, ಮೈದಾದಲ್ಲೂ ಅಷ್ಟೇ. ತೊಗರಿಬೇಳೆಯಲ್ಲಿ 9, ರಾಗಿಯಲ್ಲಿ ಮತ್ತು ಗೋಧಿಹಿಟ್ಟಿನಲ್ಲಿ 11ರ ಆಸುಪಾಸು, ಇಡೀ ಹೆಸರುಕಾಳಿನಲ್ಲಿ 17, ಸಿಪ್ಪೆ ಸಮೇತದ ಕಡಲೆಕಾಳಿನಲ್ಲಿ 25.

ಈಗ ಕೂಡಿಸಿ. ಬೆಳಿಗ್ಗೆ ಮೂರು ಇಡ್ಲಿ, ಚಟ್ನಿ: ಸುಮಾರು 4 ಗ್ರಾಂ. ಮಧ್ಯಾಹ್ನ ಒಂದು ಪಾವಿನ ಮುಕ್ಕಾಲಿನಷ್ಟು ಅಕ್ಕಿಯ ಅನ್ನ, ನೀರು ಜಾಸ್ತಿ ಬೇಳೆ ಕಡಿಮೆಯ ಸಾಂಬಾರು, ಒಂದು ಸೌಟು ಪಲ್ಯ: 7 ಗ್ರಾಂ. ಸಂಜೆ ಕಾಫಿ, ಬಿಸ್ಕತ್ತು: 1 ಗ್ರಾಂ ಬಂದರೆ ಪುಣ್ಯ. ರಾತ್ರಿ ಮತ್ತೆ ಅನ್ನ, ಸಾರು, ಮೊಸರು: 5ರಿಂದ 6. ಹೊಟ್ಟೆ ತುಂಬಿದೆ, ಆದರೆ ಕೆಳಗಿನ ಐದಡಿಗೆ ಹೋಗಿದ್ದು 20 ಗ್ರಾಂ ಕೂಡ ಇಲ್ಲ.

ರಾತ್ರಿಯ ಅನ್ನದ ಜಾಗದಲ್ಲಿ ಒಂದು ಮುದ್ದೆ ಮತ್ತು ಬಸ್ಸಾರು ಇಟ್ಟು ನೋಡಿ. 80 ಗ್ರಾಂ ರಾಗಿಹಿಟ್ಟಿನಿಂದ 9 ಗ್ರಾಂ. ಬಸಿದ ಕಾಳು-ಸೊಪ್ಪಿನ ಪಲ್ಯದಲ್ಲಿ 40 ಗ್ರಾಂ ಹೆಸರುಕಾಳಿದ್ದರೆ 7, ಒಂದು ಹಿಡಿ ದಂಟಿನ ಸೊಪ್ಪಿನಿಂದ 3-4. ಒಂದೇ ಊಟಕ್ಕೆ 19-20 ಗ್ರಾಂ. ಬಸ್ಸಾರಿನ ಇನ್ನೊಂದು ಜಾಣತನ ಎಂದರೆ ಕಾಳು ಬೇಯಿಸಿದ ಕಟ್ಟು ಚೆಲ್ಲಿಹೋಗುವುದಿಲ್ಲ, ಅದೇ ಸಾರಾಗುತ್ತದೆ. ಆದರೆ ಸಾರು ಮಾತ್ರ ಬಡಿಸಿಕೊಂಡು ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳಿದರೆ ಈ ಲೆಕ್ಕ ಹಿಡಿಯುವುದಿಲ್ಲ.

ರಾಗಿಯೊಂದನ್ನೇ ದೇವರು ಮಾಡಬೇಕಿಲ್ಲ. ಅದರ ನಾರಿನ ದೊಡ್ಡ ಪಾಲು ನೀರಿನಲ್ಲಿ ಕರಗದ ಜಾತಿಯದು. ಮಲಕ್ಕೆ ಗಾತ್ರ ಕೊಡುತ್ತದೆ, ನಿಜ, ಬ್ಯಾಕ್ಟೀರಿಯಾ ಮಾತ್ರ ಅದನ್ನು ಪೂರ್ತಿ ಹುದುಗಿಸಲಾರವು. ಕಾಳು, ಈರುಳ್ಳಿ, ಬೆಳ್ಳುಳ್ಳಿ, ಬಾಳೆಕಾಯಿ, ಓಟ್ಸ್‌ಗಳಲ್ಲಿರುವುದು ಅವಕ್ಕೆ ಹೆಚ್ಚು ಸುಲಭದ ತುತ್ತು. ಮುದ್ದೆಯ ಜೊತೆ ಕಾಳುಸಾರು ಇರಲಿ ಎನ್ನುವುದು ಇದಕ್ಕೇ. ಹಿಟ್ಟನ್ನು ಸಣ್ಣ ಜರಡಿಯಲ್ಲಿ ಸೋಸಿ ತೌಡು ಎಸೆದರೆ ಮೇಲಿನ 11 ಗ್ರಾಂ ಉಳಿಯುವುದಿಲ್ಲ. ಜನವರಿಯಲ್ಲಿ ಊರೆಲ್ಲ ಘಮಗುಡುವ ಹಿತಕಿದ ಅವರೆಬೇಳೆಯದೂ ಅದೇ ಕಥೆ: ನೆನೆಸಿ ಹಿತುಕಿ ತೆಗೆದ ಸಿಪ್ಪೆಯ ಜೊತೆಗೇ ನಾರಿನ ಒಳ್ಳೆಯ ಪಾಲು ಹೋಗುತ್ತದೆ. ಹಾಗೆಂದು ಯಾರೂ ಹಿತಕಿದ ಬೇಳೆ ಸಾರು ಬಿಡಬೇಕಿಲ್ಲ. ಇಡೀ ಅವರೆಕಾಳಿನ ಉಪ್ಪಿಟ್ಟನ್ನೂ ಅದೇ ವಾರ ಮಾಡಿಕೊಂಡರಾಯಿತು.

ನಾರು ಹೆಚ್ಚಿಸಿದವರು ಸೋಲುವುದು ಅವಸರದಿಂದ. ಸೋಮವಾರ 15 ಗ್ರಾಂ ತಿನ್ನುತ್ತಿದ್ದವರು ಮಂಗಳವಾರ 35ಕ್ಕೆ ಹಾರಿದರೆ ಬುಧವಾರ ಹೊಟ್ಟೆ ತಮಟೆಯಂತಾಗಿ, 'ನನಗೆ ಕಾಳು ಆಗಿಬರುವುದಿಲ್ಲ' ಎಂಬ ತೀರ್ಮಾನ ಹೊರಬೀಳುತ್ತದೆ. ಕಾಳಿನಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ಮುರಿಯುವ ಕಿಣ್ವ ನಮ್ಮಲ್ಲಿಲ್ಲ. ಅವು ಇಡಿಯಾಗಿ ಕೆಳಗಿಳಿದು ಹುದುಗುತ್ತವೆ, ಗಾಳಿ ಹುಟ್ಟುತ್ತದೆ. ಕಾಳನ್ನು ಎಂಟು ಹತ್ತು ಗಂಟೆ ನೆನೆಸಿ ಆ ನೀರು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಈ ಸಕ್ಕರೆಗಳು ಸಾಕಷ್ಟು ಇಳಿಯುತ್ತವೆ. ಮೊಳಕೆ ಬರಿಸಿದರೆ ಇನ್ನಷ್ಟು. ವಾರಕ್ಕೆ 5 ಗ್ರಾಂನಂತೆ ಏರಿಸಿ, ನೀರು ಸಾಕಷ್ಟು ಕುಡಿಯಿರಿ. ಮೂರು ನಾಲ್ಕು ವಾರದಲ್ಲಿ ಹೊಟ್ಟೆ ಹೊಂದಿಕೊಳ್ಳುತ್ತದೆ.

ತಣ್ಣಗಾದ ಅನ್ನದ ಬಗ್ಗೆ ಈಗ ವಿಪರೀತ ಪ್ರಚಾರ. ಬೇಯಿಸಿದ ಪಿಷ್ಟ ತಣಿದಾಗ ಒಂದಿಷ್ಟು ಭಾಗ ಜೀರ್ಣಕ್ಕೆ ಬಗ್ಗದಂತೆ ಗಟ್ಟಿಯಾಗುತ್ತದೆ, ಅದು ನಾರಿನಂತೆ ಕೆಳಗಿಳಿಯುತ್ತದೆ ಎನ್ನುವುದು ಸರಿ. ಎಷ್ಟು? 2015ರ ಒಂದು ಅಧ್ಯಯನದಲ್ಲಿ ಬಿಸಿ ಅನ್ನದ 100 ಗ್ರಾಂನಲ್ಲಿ ಇಂಥ ಪಿಷ್ಟ 0.64 ಗ್ರಾಂ, 24 ಗಂಟೆ 4 ಡಿಗ್ರಿಯಲ್ಲಿಟ್ಟು ಮತ್ತೆ ಬಿಸಿ ಮಾಡಿದ್ದರಲ್ಲಿ 1.65 ಗ್ರಾಂ. ಒಂದು ಗ್ರಾಂ ಲಾಭ. ಒಂದು ಹಿಡಿ ಕಡಲೆಕಾಳು ಉಸ್ಲಿ ಇದರ ಹಲವು ಪಟ್ಟು ಕೊಡುತ್ತದೆ. ಇದಕ್ಕಾಗಿ ಅನ್ನವನ್ನು ರಾತ್ರಿಯಿಡೀ ಕಟ್ಟೆಯ ಮೇಲೆ ಬಿಡುವುದು ಕೆಟ್ಟ ವ್ಯಾಪಾರ: ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಬೀಜಾಣುಗಳು ಬೆಚ್ಚಗಿನ ಅನ್ನದಲ್ಲಿ ಮೊಳೆಯುತ್ತವೆ, ಅವು ಬಿಡುವ ವಾಂತಿಯ ವಿಷ ಬೆಳಿಗ್ಗೆ ಚಿತ್ರಾನ್ನ ಮಾಡುವಾಗ ಹುರಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಅಗಲದ ತಟ್ಟೆಯಲ್ಲಿ ಹರಡಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಇಡಬೇಕು.

ಹುಳಿ ಬಂದದ್ದೆಲ್ಲ ಜೀವಂತವಲ್ಲ

ಇಡ್ಲಿ 'ಪ್ರೊಬಯಾಟಿಕ್', ಅಂದರೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ ಇರುವಂಥದ್ದು ಎಂದು ಬರೆಯದ ಆರೋಗ್ಯ ಅಂಕಣವಿಲ್ಲ. ಉದ್ದಿನಬೇಳೆಯ ಜೊತೆ ಬರುವ ಲ್ಯೂಕೊನೋಸ್ಟಾಕ್ ಮೊದಲಾದ ಬ್ಯಾಕ್ಟೀರಿಯಾ ಹಿಟ್ಟನ್ನು ಉಬ್ಬಿಸಿ ಹುಳಿ ಮಾಡುತ್ತವೆ, ಕಬ್ಬಿಣ-ಸತುವನ್ನು ಹಿಡಿದಿಡುವ ಫೈಟಿಕ್ ಆಮ್ಲವನ್ನು ಇಳಿಸುತ್ತವೆ. ಅಷ್ಟಾದ ಮೇಲೆ ಹಬೆಪಾತ್ರೆಯಲ್ಲಿ ಹತ್ತು ನಿಮಿಷದಲ್ಲಿ ಸಾಯುತ್ತವೆ. ಇಡ್ಲಿ ಒಳ್ಳೆಯ ತಿಂಡಿ, ಆದರೆ ಅದರಲ್ಲಿ ಜೀವಂತವಾಗಿರುವುದು ಏನೂ ಇಲ್ಲ. ಮಜ್ಜಿಗೆಹುಳಿಯೂ ಹಾಗೆಯೇ, ಕುದಿ ಬಂತು ಎಂದರೆ ಮುಗಿಯಿತು. ಮೊಸರನ್ನದ್ದು ಕಲಸುವವರ ಕೈಯಲ್ಲಿದೆ: ಕುಕ್ಕರಿನಿಂದ ಇಳಿಸಿದ ಅನ್ನಕ್ಕೇ ಮೊಸರು ಸುರಿದರೆ ಹೆಚ್ಚಿನವು ಉಳಿಯವು. ಬಿಸಿಯಲ್ಲಿ ಹಾಲು ಹಾಕಿ ಮಿದ್ದು, ಕೈಗೆ ಉಗುರುಬೆಚ್ಚಗಾದ ಮೇಲೆ ಮೊಸರು ಸೇರಿಸಿ, ಒಗ್ಗರಣೆಯನ್ನೂ ಆರಿಸಿ ಹಾಕುವ ಹಳೆಯ ಪದ್ಧತಿಯಲ್ಲಿ ಉಳಿಯುತ್ತವೆ. ರಾಗಿ ಅಂಬಲಿಯಲ್ಲೂ ಗಂಜಿ ತಣ್ಣಗಾದ ಮೇಲೆಯೇ ಮಜ್ಜಿಗೆ ಬೆರೆಸುವುದು.

ಮನೆಯ ಮೊಸರು ಕೆಡುವುದು ಉಷ್ಣತೆಯಲ್ಲಿ. ಕಾಯಿಸಿದ ಹಾಲು 40ರಿಂದ 45 ಡಿಗ್ರಿಗೆ ಇಳಿದಿರಬೇಕು, ಅಂದರೆ ಬೆರಳು ಅದ್ದಿ ಹತ್ತು ಎಣಿಸುವಷ್ಟು ಹೊತ್ತು ಇಟ್ಟುಕೊಳ್ಳಲು ಆಗಬೇಕು. ಅರ್ಧ ಲೀಟರಿಗೆ ಒಂದು ಟೀ ಚಮಚ ಹೆಪ್ಪು ಸಾಕು. ಜಾಸ್ತಿ ಹಾಕಿದರೆ ಬೇಗ ಹುಳಿಯಾಗಿ ನೀರು ಬಿಡುತ್ತದೆ. ತಣ್ಣಗಿನ ಹಾಲಿಗೆ ಹಾಕಿದರೆ ಹೆಪ್ಪಾಗುವುದು ತಡ, ಲೋಳೆಲೋಳೆಯಾಗುವುದೂ ಉಂಟು. ಡಿಸೆಂಬರಿನ ಬೆಂಗಳೂರಿನಲ್ಲಿ ರಾತ್ರಿ 15-16 ಡಿಗ್ರಿಗೆ ಇಳಿದಾಗ ಬೇಸಿಗೆಯ ಐದಾರು ಗಂಟೆಯ ಕೆಲಸಕ್ಕೆ ಹತ್ತು ಹನ್ನೆರಡು ಗಂಟೆ ಹಿಡಿಯುತ್ತದೆ. ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಅಕ್ಕಿಡಬ್ಬದಲ್ಲಿ ಹೂತಿಟ್ಟರೆ ಆಯಿತು.

ಇಷ್ಟು ಜತನದಿಂದ ಉಳಿಸಿದ ಬ್ಯಾಕ್ಟೀರಿಯಾ ಕೊನೆಯ ಐದಡಿಯಲ್ಲಿ ಮನೆ ಮಾಡುತ್ತವೆಯೇ? ಇಲ್ಲ. ಬಹುಪಾಲು ಜಠರದಲ್ಲೇ ಸಾಯುತ್ತವೆ, ಉಳಿದವು ಹಾದುಹೋಗುತ್ತವೆ, ಮೊಸರು ನಿಲ್ಲಿಸಿದ ಕೆಲವೇ ದಿನದಲ್ಲಿ ಮಲದಲ್ಲಿ ಅವುಗಳ ಸುಳಿವಿರುವುದಿಲ್ಲ. ಆದರೂ ಕೆಲಸ ಮಾಡಿಯೇ ಹೋಗುತ್ತವೆ. ಹಾಲು ಕುಡಿದರೆ ಹೊಟ್ಟೆಯುಬ್ಬರಿಸುವವರಿಗೆ ಮೊಸರು ಒಗ್ಗುವುದು, ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವವನ್ನು ಈ ಬ್ಯಾಕ್ಟೀರಿಯಾ ಜೊತೆಯಲ್ಲೇ ತರುವುದರಿಂದ. ಸ್ಟ್ಯಾನ್‌ಫರ್ಡ್‌ನಲ್ಲಿ 36 ಮಂದಿಯನ್ನು ಎರಡು ಗುಂಪು ಮಾಡಿ ಹತ್ತು ವಾರ ನೋಡಿದ 2021ರ ಪ್ರಯೋಗದಲ್ಲಿ ಹುದುಗಿಸಿದ ಆಹಾರ ತಿಂದವರ ಕರುಳಿನಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತು, ಉರಿಯೂತ ಸೂಚಿಸುವ 19 ಪ್ರೋಟೀನುಗಳು ಇಳಿದವು. ನಾರು ಹೆಚ್ಚು ತಿಂದ ಗುಂಪಿನಲ್ಲಿ ವೈವಿಧ್ಯ ಏರಲಿಲ್ಲ. ನಾರಿನ ಪರ ಇಷ್ಟೆಲ್ಲ ಹೇಳಿದ ಮೇಲೆ ಇದನ್ನು ಮುಚ್ಚಿಡುವುದು ಸರಿಯಲ್ಲ. ಬಹುಶಃ ವರ್ಷಗಳಿಂದ ನಾರು ಕಾಣದ ಕರುಳಿನಲ್ಲಿ ಅದನ್ನು ಹುದುಗಿಸುವವರೇ ಕಡಿಮೆಯಾಗಿದ್ದರು. ಹತ್ತು ವಾರ ಸಾಲಲಿಲ್ಲ. ಹುದುಗು ಗುಂಪಿನವರು ತಿಂದದ್ದೂ ಸಣ್ಣ ಬಟ್ಟಲಲ್ಲ, ದಿನಕ್ಕೆ ಆರು ಪಾಲಿನಷ್ಟು.

ಪೊಟ್ಟಣದ ಬ್ಯಾಕ್ಟೀರಿಯಾ

ಪ್ರೊಬಯಾಟಿಕ್ ಕೆಲಸ ಮಾಡುತ್ತದೆಯೇ ಎಂದು ಕೇಳುವುದು, ಮಾತ್ರೆ ಕೆಲಸ ಮಾಡುತ್ತದೆಯೇ ಎಂದು ಕೇಳಿದಂತೆ. ಯಾವ ತಳಿ, ಯಾರಿಗೆ, ಯಾವಾಗ ಎನ್ನುವುದರ ಮೇಲೆ ಉತ್ತರ ತಿರುಗಿಬೀಳುತ್ತದೆ.

ನಮ್ಮ ದೇಶದ ಉದಾಹರಣೆಯೇ ಇದೆ. ಒಡಿಶಾದ ಹಳ್ಳಿಗಳಲ್ಲಿ ಪಿನಾಕಿ ಪಾಣಿಗ್ರಾಹಿ ಮತ್ತು ತಂಡ 4,556 ನವಜಾತ ಶಿಶುಗಳ ಮೇಲೆ ನಡೆಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿ, ಅದಕ್ಕೆ ತಿನ್ನಲು ಒಂದಿಷ್ಟು ಸಸ್ಯಸಕ್ಕರೆ, ಏಳು ದಿನ. ರಕ್ತದ ನಂಜು ಅಥವಾ ಸಾವು ಶೇ 9ರಿಂದ ಶೇ 5.4ಕ್ಕೆ ಇಳಿಯಿತು. ಅವು ಅವಧಿ ತುಂಬಿದ ಅಥವಾ ಹೆಚ್ಚೂಕಡಿಮೆ ತುಂಬಿದ, ಎರಡು ಕಿಲೋ ಮೇಲಿನ, ಎದೆಹಾಲು ಕುಡಿಯುವ ಮಕ್ಕಳು. ಕರುಳಿನ ಊರು ಇನ್ನೂ ಕಟ್ಟಿಕೊಳ್ಳುತ್ತಿದ್ದ ವಯಸ್ಸು. ಜಾಗ ಖಾಲಿಯಿತ್ತು, ಆಹಾರವೂ ಜೊತೆಗೆ ಹೋಗಿತ್ತು.

ಅದೇ, ಭೇದಿಯಾಗಿ ಆಸ್ಪತ್ರೆಗೆ ಬಂದ, ಅದಕ್ಕಿಂತ ಸ್ವಲ್ಪ ದೊಡ್ಡ ಮಕ್ಕಳ ವಿಷಯ ನೋಡಿ. ಅಮೆರಿಕ ಮತ್ತು ಕೆನಡಾದಲ್ಲಿ ಬೇರೆ ಬೇರೆಯಾಗಿ ನಡೆದು 2018ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಹೆಸರಾಂತ ತಳಿಗಳನ್ನು ಕೊಟ್ಟರೂ ಹುಸಿಪುಡಿಗಿಂತ ಹೆಚ್ಚಿನ ಪ್ರಯೋಜನವಾಗಲಿಲ್ಲ. ಮಗುವಿನ ಭೇದಿಗೆ ಇವತ್ತಿಗೂ ಮೊದಲ ಮದ್ದು ಒಆರ್‌ಎಸ್ ಮತ್ತು ಸತು: ಆರು ತಿಂಗಳ ಮೇಲಿನವರಿಗೆ ದಿನಕ್ಕೆ 20 ಮಿ.ಗ್ರಾಂ, ಚಿಕ್ಕವರಿಗೆ 10, ಹದಿನಾಲ್ಕು ದಿನ. ಭೇದಿ ನಿಂತ ಮೂರನೆಯ ದಿನಕ್ಕೇ ಸತು ಮರೆಯುವುದು ಮನೆಮನೆಯ ತಪ್ಪು. ಬ್ಯಾಕ್ಟೀರಿಯಾ ಪೊಟ್ಟಣಕ್ಕೆ ಕೊಟ್ಟ ಹಣದಲ್ಲಿ ಎರಡೂ ಬರುತ್ತವೆ.

ಕೆಲವು ಕಡೆ ಅಪಾಯವೂ ಇದೆ. ತೀವ್ರ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ರೋಗಿಗಳಿಗೆ ನೆದರ್ಲೆಂಡ್ಸ್‌ನಲ್ಲಿ ಪ್ರೊಬಯಾಟಿಕ್ ಕೊಟ್ಟು ನೋಡಿದ, 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ಪಡೆದವರ ಪೈಕಿ ಶೇ 16 ಮಂದಿ ಸತ್ತರು, ಪಡೆಯದವರಲ್ಲಿ ಶೇ 6. ಕೀಮೋಥೆರಪಿಯಲ್ಲಿರುವವರು, ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಹಾಕಿಸಿಕೊಂಡವರು, ತೀರಾ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ವೈದ್ಯರ ಮಾತಿಲ್ಲದೆ ಕೊಡುವಂತಿಲ್ಲ.

ಕೊಳ್ಳಲೇಬೇಕಾದರೆ ಪೊಟ್ಟಣದ ಹಿಂಬದಿ ಓದಿ. ಕುಲ, ಪ್ರಭೇದದ ಹೆಸರಿನ ಆಚೆಗೆ ತಳಿಯ ಸಂಕೇತ ಇದೆಯೇ? 'ಲ್ಯಾಕ್ಟೊಬ್ಯಾಸಿಲಸ್' ಎಂದಷ್ಟೇ ಬರೆದಿದ್ದರೆ ಊರ ಹೆಸರು ಹೇಳಿ ಮನೆ ನಂಬರು ಹೇಳದಂತೆ. ಜೀವಂತ ಸಂಖ್ಯೆ ಕನಿಷ್ಠ ಹತ್ತು ಕೋಟಿ ಇರಬೇಕು, ಅದೂ ತಯಾರಾದ ದಿನವಲ್ಲ, ಅವಧಿ ಮುಗಿಯುವ ದಿನದವರೆಗೆ. ಫ್ರಿಜ್ಜಿನಲ್ಲಿಡಬೇಕಾದ್ದನ್ನು ಅಂಗಡಿಯವರು ಹೊರಗೆ ಶೆಲ್ಫಿನಲ್ಲಿ ಇಟ್ಟಿದ್ದರೆ ಬಿಟ್ಟುಬಿಡಿ. ಬಿಸಿನೀರಿಗೆ ಕಲಸಬೇಡಿ.

ಊರು ಖಾಲಿ ಮಾಡಿಸುವ ಮಾತ್ರೆಗಳು

ನೆಗಡಿ, ಗಂಟಲು ಕೆರೆತಕ್ಕೆ 'ಮೂರು ದಿನದ ಕೋರ್ಸ್' ಎಂದು ಅಜಿತ್ರೋಮೈಸಿನ್ ಕೇಳಿ ಪಡೆಯುವ ಅಭ್ಯಾಸ ನಗರದಲ್ಲಿ ಬೇರೂರಿದೆ. ನೆಗಡಿ ವೈರಸ್ಸಿನದು, ಅದಕ್ಕೆ ಈ ಮಾತ್ರೆ ತಟ್ಟುವುದಿಲ್ಲ, ತಟ್ಟುವುದು ಕರುಳಿಗೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧಗಳಿಗೆ ವೈದ್ಯರ ಚೀಟಿ ಬೇಕು, ಅಂಗಡಿಯವರು ಪುಸ್ತಕದಲ್ಲಿ ರೋಗಿಯ ಹೆಸರು ಬರೆಯಬೇಕು. ಆ ಪಟ್ಟಿಯಲ್ಲಿ 24 ಆಂಟಿಬಯಾಟಿಕ್‌ಗಳಿದ್ದರೂ ಎಲ್ಲರ ಬಾಯಲ್ಲಿರುವ ಹಲವು ಮಾತ್ರೆಗಳು ಅದರ ಹೊರಗೆ, ಹಳೆಯ ಎಚ್ ಪಟ್ಟಿಯಲ್ಲೇ ಉಳಿದಿವೆ. ಅವಕ್ಕೂ ಚೀಟಿ ಬೇಕು, ಪುಸ್ತಕವಷ್ಟೇ ಇಲ್ಲ.

ಹಾನಿ ಎಷ್ಟು ದಿನ? 12 ಆರೋಗ್ಯವಂತ ಗಂಡಸರಿಗೆ ನಾಲ್ಕು ದಿನ ಮೂರು ಬಲವಾದ ಆಂಟಿಬಯಾಟಿಕ್ ಕೊಟ್ಟು ನೋಡಿದ 2018ರ ಅಧ್ಯಯನದಲ್ಲಿ ಸುಮಾರು ಒಂದೂವರೆ ತಿಂಗಳಿಗೆ ಊರು ಬಹುಪಾಲು ತುಂಬಿತು. ಆದರೆ ಎಲ್ಲರಲ್ಲೂ ಮೊದಲು ಇದ್ದ ಒಂಬತ್ತು ಪ್ರಭೇದಗಳು ಆರು ತಿಂಗಳಾದರೂ ಹೆಚ್ಚಿನವರಲ್ಲಿ ಮರಳಿ ಕಾಣಲಿಲ್ಲ. ಆಂಟಿಬಯಾಟಿಕ್ ಮುಗಿದ ಕೂಡಲೇ ಪ್ರೊಬಯಾಟಿಕ್ ನುಂಗಿದರೆ ಬೇಗ ಸರಿಹೋಗುತ್ತದೆ ಎಂಬ ನಂಬಿಕೆಗೂ ಅದೇ ವರ್ಷ ಇಸ್ರೇಲಿನ ವೈಜ್‌ಮನ್ ಸಂಸ್ಥೆಯಿಂದ ಪೆಟ್ಟು ಬಿತ್ತು: ನುಂಗಿದವರಲ್ಲಿ ಹೊಸ ತಳಿಗಳು ಜಾಗ ಹಿಡಿದು ಮೂಲನಿವಾಸಿಗಳ ವಾಪಸಾತಿಯೇ ತಡವಾಯಿತು. ಸಣ್ಣ ಅಧ್ಯಯನ, ಹನ್ನೊಂದು ತಳಿಗಳ ಒಂದೇ ಮಿಶ್ರಣ, ಎಲ್ಲಕ್ಕೂ ಅನ್ವಯಿಸುವಂತಿಲ್ಲ. ಕೋರ್ಸಿನ ಜೊತೆಯಲ್ಲೇ ಬರುವ ಭೇದಿಯನ್ನು ಕೆಲವು ಪ್ರೊಬಯಾಟಿಕ್‌ಗಳು ತಗ್ಗಿಸುತ್ತವೆ ಎನ್ನುವುದಕ್ಕೆ ಪುರಾವೆಯೂ ಇದೆ. ಅದರಲ್ಲಿ ಸ್ಯಾಕರೊಮೈಸಿಸ್ ಬೌಲಾರ್ಡೈ ಬ್ಯಾಕ್ಟೀರಿಯಾ ಅಲ್ಲ, ಯೀಸ್ಟು. ಹಾಗಾಗಿ ಆಂಟಿಬಯಾಟಿಕ್ ಅದನ್ನು ಕೊಲ್ಲುವುದಿಲ್ಲ.

ಖಾಲಿ ಊರಿನಲ್ಲಿ ಕ್ಲಾಸ್ಟ್ರಿಡಿಯೊಯಿಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಬೆಳೆದರೆ ಮಾತ್ರ ವಿಷಯ ಗಂಭೀರ. ಕೋರ್ಸ್ ನಡೆಯುವಾಗ ಅಥವಾ ಮುಗಿದ ಕೆಲವು ವಾರಗಳಲ್ಲಿ ದಿನಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ನೀರುಭೇದಿ, ಹೊಟ್ಟೆನೋವು, ಜ್ವರ ಬಂದರೆ ಭೇದಿ ಕಟ್ಟುವ ಮಾತ್ರೆ ನುಂಗದೆ ವೈದ್ಯರಿಗೆ ತೋರಿಸಬೇಕು. ಕರುಳಿನ ಬ್ಯಾಕ್ಟೀರಿಯಾವನ್ನೇ ಮದ್ದಾಗಿ ಬಳಸಬಹುದು ಎಂಬುದಕ್ಕೆ ಅತಿ ಗಟ್ಟಿ ಪುರಾವೆ ಸಿಕ್ಕಿದ್ದೂ ಈ ರೋಗದಲ್ಲೇ. 2013ರ ಡಚ್ ಪ್ರಯೋಗದಲ್ಲಿ ಆರೋಗ್ಯವಂತರ ಮಲವನ್ನು ಸಲೈನಿನಲ್ಲಿ ಕದಡಿ ಸೋಸಿ ಮೂಗಿನ ನಳಿಕೆಯಿಂದ ಕರುಳಿಗೆ ಬಿಟ್ಟಾಗ, ಮರುಕಳಿಸುತ್ತಿದ್ದ 16 ಮಂದಿಯಲ್ಲಿ 13 ಮಂದಿ ಒಂದೇ ಸಲಕ್ಕೆ ಗುಣವಾದರು. ಬರೀ ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್ ಪಡೆದ 13ರಲ್ಲಿ ನಾಲ್ವರು. ಅಂತರ ಎಷ್ಟಿತ್ತೆಂದರೆ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹಾಗೆಂದು ಮಲ ಕಸಿ ಮನೆಮದ್ದಲ್ಲ: 2019ರಲ್ಲಿ ಅಮೆರಿಕದಲ್ಲಿ ದಾನಿಯ ಮಲದಲ್ಲಿದ್ದ ಔಷಧಕ್ಕೆ ಬಗ್ಗದ ಇ. ಕೊಲೈ ತಗುಲಿ ಒಬ್ಬರು ಸತ್ತರು.

ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್‌ಗೆ ಆಂಟಿಬಯಾಟಿಕ್‌ನಷ್ಟು ಕೆಟ್ಟ ಹೆಸರಿಲ್ಲ. ಜಠರದ ಆಮ್ಲ ಬರೀ ಉರಿಯ ಮೂಲವಲ್ಲ, ಗೇಟಿನ ಕಾವಲುಗಾರ. ಅದನ್ನು ತಿಂಗಳುಗಟ್ಟಲೆ ಮಲಗಿಸಿದವರ ಕರುಳಿನಲ್ಲಿ ಬಾಯಿಯ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಡಿಫಿಸಿಲ್ ಸೇರಿದಂತೆ ಸೋಂಕಿನ ಸಾಧ್ಯತೆ ಏರುತ್ತದೆ. ಆದರೆ ಎರಡು ತಿಂಗಳು ತಿಂದು ಒಮ್ಮೆಲೇ ನಿಲ್ಲಿಸಿದರೆ ಆಮ್ಲ ಮೊದಲಿಗಿಂತ ಹೆಚ್ಚು ಉಕ್ಕಿ ಉರಿ ಜಾಸ್ತಿಯಾಗಬಹುದು. 'ನನಗೆ ಇದಿಲ್ಲದೆ ಆಗುವುದಿಲ್ಲ' ಎಂದು ಜನ ಮತ್ತೆ ಶುರು ಮಾಡುವುದು ಹೀಗೆ. ವೈದ್ಯರನ್ನು ಕೇಳಿ ಪ್ರಮಾಣ ಅರ್ಧ ಮಾಡಿ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ನಿಲ್ಲಿಸುವುದು ದಾರಿ. ಹೃದಯಕ್ಕೆ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ಈ ಮಾತ್ರೆ ಜಠರದ ರಕ್ತಸ್ರಾವ ತಡೆಯಲು ಕೊಟ್ಟಿರುತ್ತಾರೆ. ಅವರು ತಾವಾಗಿ ನಿಲ್ಲಿಸಬಾರದು.

ಕಾರಣವೋ, ಕುರುಹೋ

ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ರೋಗದವರ ಕರುಳಿನಲ್ಲಿ ಬ್ಯುಟಿರೇಟ್ ಮಾಡುವ ಫೀಕ್ಯಾಲಿಬ್ಯಾಕ್ಟೀರಿಯಂ ಕಡಿಮೆ ಎಂದು 2008ರಲ್ಲೇ ಕಂಡುಬಂತು. ಅದು ಕಡಿಮೆಯಾದದ್ದರಿಂದ ರೋಗ ಬಂತೋ, ರೋಗದ ಉರಿಯೂತದಲ್ಲಿ ಅದು ಸತ್ತಿತೋ? ಈ ಗೊಂದಲ ಈ ಕ್ಷೇತ್ರದ ಮುಕ್ಕಾಲು ಸುದ್ದಿಗಳಿಗೆ ಅಂಟಿಕೊಂಡಿದೆ. ದಪ್ಪಗಿನ ಅವಳಿಯ ಬ್ಯಾಕ್ಟೀರಿಯಾ ಪಡೆದ ಇಲಿಗಳು ತೆಳ್ಳಗಿನ ಅವಳಿಯದ್ದನ್ನು ಪಡೆದವುಗಳಿಗಿಂತ ಹೆಚ್ಚು ಕೊಬ್ಬು ಕೂಡಿಟ್ಟವು ಎಂಬ 2013ರ ಪ್ರಯೋಗ ಪ್ರಸಿದ್ಧ. ಮನುಷ್ಯರಿಗೆ ತೆಳ್ಳಗಿನವರ ಮಲ ಕಸಿ ಮಾಡಿದಾಗ ತೂಕ ಇಳಿಯಲಿಲ್ಲ. ಮನಸ್ಸಿನ ಸ್ಥಿತಿಯೊಂದಿಗೆ ತಳುಕು ಹಾಕುವ ಸೆರಟೋನಿನ್ ಎಂಬ ರಾಸಾಯನಿಕದ ಶೇ 90ರಷ್ಟು ಕರುಳಿನಲ್ಲಿ ತಯಾರಾಗುತ್ತದೆ ಎಂಬುದು ನಿಜ, ಆದರೆ ಆ ಸೆರಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಮೊಸರು ತಿಂದರೆ ಖಿನ್ನತೆ ಹೋಗುತ್ತದೆ ಎನ್ನುವವರು ಈ ಎರಡನೇ ಅರ್ಧವನ್ನು ಬಿಟ್ಟೇ ಹೇಳುತ್ತಾರೆ.

ಕ್ಯಾನ್ಸರಿನಲ್ಲಿ ಮಾತ್ರ ಕುರುಹು ಹೆಚ್ಚು ಸ್ಪಷ್ಟವಾಗುತ್ತಿದೆ. ಕೆಲವು ಇ. ಕೊಲೈಗಳು ಮಾಡುವ ಕೊಲಿಬ್ಯಾಕ್ಟಿನ್ ಎಂಬ ವಿಷ ಡಿಎನ್‌ಎಯಲ್ಲಿ ತನ್ನದೇ ಬೆರಳಚ್ಚು ಬಿಡುತ್ತದೆ. ಹನ್ನೊಂದು ದೇಶಗಳ 981 ದೊಡ್ಡ ಕರುಳಿನ ಗೆಡ್ಡೆಗಳ ಡಿಎನ್‌ಎ ಓದಿದ 2025ರ ಅಧ್ಯಯನದಲ್ಲಿ, 40 ತುಂಬುವ ಮೊದಲೇ ಕ್ಯಾನ್ಸರ್ ಬಂದವರಲ್ಲಿ ಈ ಬೆರಳಚ್ಚು 70 ದಾಟಿದವರಿಗಿಂತ 3.3 ಪಟ್ಟು ಹೆಚ್ಚಿತ್ತು. ಪೆಟ್ಟು ಬಿದ್ದದ್ದು ಬಾಲ್ಯದಲ್ಲೇ ಎಂದು ಲೆಕ್ಕ ಸೂಚಿಸುತ್ತದೆ.

ಮಲದ ಡಿಎನ್‌ಎ ರಿಪೋರ್ಟು

ಮನೆಗೇ ಡಬ್ಬಿ ಕಳಿಸಿ, ಮಲದ ಮಾದರಿ ಪಡೆದು, ಬಣ್ಣದ ಚಕ್ರಗಳಿರುವ ಇಪ್ಪತ್ತು ಪುಟದ ರಿಪೋರ್ಟು ಕೊಡುವ ಪರೀಕ್ಷೆಗಳು ಬೆಂಗಳೂರಿನಲ್ಲಿ ಜೋರಾಗಿ ಮಾರಾಟವಾಗುತ್ತಿವೆ. ಕೊಡುವ ಮೊದಲು ಮೂರು ಮಾತು. ಅವು ಸಾಮಾನ್ಯವಾಗಿ ಹೇಳುವುದು ಶೇಕಡಾವಾರು, ಸಂಖ್ಯೆಯಲ್ಲ. ಒಂದು ಗುಂಪು ಸತ್ತರೆ ಉಳಿದದ್ದು ಬೆಳೆಯದೆಯೇ 'ಹೆಚ್ಚಾದಂತೆ' ಕಾಣುತ್ತದೆ. ಮಲ ಎಷ್ಟು ಗಟ್ಟಿ ಎಂಬುದೇ ಫಲಿತಾಂಶವನ್ನು ಬಲವಾಗಿ ಬದಲಿಸುತ್ತದೆ, ಹಾಗಾಗಿ ಮಲಬದ್ಧತೆಯ ವಾರದ ಮತ್ತು ಭೇದಿಯ ವಾರದ ರಿಪೋರ್ಟು ಒಬ್ಬರದೇ ಎನಿಸುವುದಿಲ್ಲ. ಮೂರನೆಯದು ಹೋಲಿಕೆ. ಭೋಪಾಲ ಮತ್ತು ಕೇರಳದ 110 ಆರೋಗ್ಯವಂತರನ್ನು ನೋಡಿದ 2019ರ ಭೋಪಾಲ ಐಸರ್ (ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆ) ತಂಡದ ಅಧ್ಯಯನದಲ್ಲಿ ಸಸ್ಯಾಹಾರ ಹೆಚ್ಚಿರುವ ಭೋಪಾಲದವರ ಕರುಳಿನಲ್ಲಿ ಪ್ರಿವೊಟೆಲ್ಲಾ ಎಂಬ ಬ್ಯಾಕ್ಟೀರಿಯಾದ ಮೇಲುಗೈ. ಕೇರಳದವರ ಚಿತ್ರವೇ ಬೇರೆ. ಒಂದೇ ದೇಶದೊಳಗೆ ಹೀಗಿರುವಾಗ ಅಮೆರಿಕ, ಯುರೋಪಿನವರ ಸರಾಸರಿ ಹಿಡಿದು ಮಲ್ಲೇಶ್ವರದವರಿಗೆ 'ಅಸಮತೋಲನ' ಎಂದು ಬರೆಯುವುದರಲ್ಲಿ ಹುರುಳಿಲ್ಲ.

ಹೊಟ್ಟೆ ನಿಜಕ್ಕೂ ಕಾಡುತ್ತಿದ್ದರೆ ಅದಕ್ಕಿಂತ ಅಗ್ಗದ, ಅರ್ಥವಿರುವ ಪರೀಕ್ಷೆ ಬೇರೆಯಿದೆ. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಕರುಳಿನಲ್ಲಿ ಉರಿಯೂತವಿದೆಯೇ ಎಂದು ಹೇಳುತ್ತದೆ. ಗ್ರಾಂಗೆ 50 ಮೈಕ್ರೊಗ್ರಾಂ ಒಳಗಿದ್ದರೆ ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್ ಇರುವ ಸಾಧ್ಯತೆ ತೀರಾ ಕಡಿಮೆ. ಹೆಚ್ಚಾಗಿ ಅದು ಐಬಿಎಸ್, ಅಂದರೆ ಉರಿಯೂತವಿಲ್ಲದೆಯೇ ಕರುಳು ಕಾಡುವ ತೊಂದರೆ. ಮೊಣಕಾಲಿಗೆಂದು ನೋವಿನ ಮಾತ್ರೆ ನುಂಗುತ್ತಿರುವವರಲ್ಲಿ ಸುಮ್ಮನೆ ಏರಿರಬಹುದು, ಮಾದರಿ ಕೊಡುವ ಮೊದಲು ವೈದ್ಯರಿಗೆ ಹೇಳಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಕಡಿಮೆ ಹಿಮೋಗ್ಲೋಬಿನ್, 45 ದಾಟಿದ ಮೇಲೆ ಹೊಸದಾಗಿ ಬದಲಾದ ಮಲದ ರೂಢಿ: ಇವುಗಳಲ್ಲಿ ಒಂದಿದ್ದರೂ ಅದು 'ಗ್ಯಾಸ್ಟ್ರಿಕ್' ಅಲ್ಲ, ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಬಗೆಹರಿಯುವುದೂ ಇಲ್ಲ. ಗ್ಯಾಸ್ಟ್ರೊಎಂಟರಾಲಜಿ ಓಪಿಡಿಗೆ ಹೋಗುವಾಗ ಕಳೆದ ಆರು ತಿಂಗಳಲ್ಲಿ ನುಂಗಿದ ಆಂಟಿಬಯಾಟಿಕ್ ಮತ್ತು ಆಮ್ಲದ ಮಾತ್ರೆಗಳ ಖಾಲಿ ಸ್ಟ್ರಿಪ್ಪುಗಳನ್ನು ಜೊತೆಗೆ ಒಯ್ಯಿರಿ.